ಶಿಳ್ಳೆ ಹಾಕುವ ಗಾಡಿ

ಟರ್ಬೊ ಇರುವ ನನ್ನ ಹಳೇ ಡೀಸೆಲ್ ಕಾರು ಫ್ಲೈಓವರ್ ಹತ್ತುವಾಗ ಏದುಸಿರು ಬಿಡತೊಡಗಿತ್ತು. ನೋಡಿದರೆ ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯುವ ರಬ್ಬರ್ ಪೈಪ್ ಸೀಳಿತ್ತು. ಹೊಸದು ನನ್ನ ಕೈಗೆ ಎಟುಕುವಂತಿರಲಿಲ್ಲ. ತುರ್ಭೆಯ ಗುಜರಿಯಲ್ಲಿ ಹಳೆಯದೂ ಸಿಗಲಿಲ್ಲ. ಶಹಾಡ್‌ನಲ್ಲಿ ಉಡುಪಿ ಕಡೆಯ ದಂಪತಿ ಅದೇ ಮಾಡೆಲ್ ಕಾರನ್ನು ಗುಜರಿಗೆ ಹಾಕುತ್ತಿದ್ದಾರೆಂದು ತಿಳಿದು ನಟ್ಟು ಬಿಚ್ಚುವ ಪಾನಾ ಹಿಡಿದು ಹೋದೆ.

ಪೈಪ್ ಬಿಚ್ಚಿಕೊಳ್ಳಲು ಯಜಮಾನರು ಖುಷಿಯಿಂದ ಒಪ್ಪಿದರು. ನಾನು ಬಾನೆಟ್ ಎತ್ತುತ್ತಿದ್ದಂತೆ ಅವರ ಹೆಂಡತಿಯೂ ಬಂದು ಪಕ್ಕದಲ್ಲಿ ನಿಂತರು.

"ನಿಮ್ಮ ಗಾಡಿಯೂ ಶಿಳ್ಳೆ ಹಾಕ್ತದಾ?" ಎಂದು ಕೇಳಿದರು.

"ಈಚೆಗೆ ಹಾಕ್ತದೆ ಅಕ್ಕಾ."

"ನಮ್ಮದು ಎಷ್ಟೋ ವರ್ಷದಿಂದ ಹಾಕ್ತದೆ. ಎಂತದೋ ಹಾಳಾಗಿದೆ, ಗ್ಯಾರೇಜಿಗೆ ತೋರಿಸಿ ಅಂದ್ರೆ ಇವರು, ಟರ್ಬೊ ಗಾಡಿ ಹಾಗೆಯೇ, ನಿನಗೆ ಗೊತ್ತಾಗುದಿಲ್ಲ ಅಂತಾರೆ."

"ಹಾಗೆಯೇ ಅಲ್ವಾ?" ಎಂದು ಯಜಮಾನರು ನನ್ನ ಮುಖ ನೋಡಿದರು.

"ಸ್ವಲ್ಪ ಶಿಳ್ಳೆ ಇದ್ದೇ ಇರ್ತದೆ," ಎಂದು ಇಬ್ಬರಿಗೂ ಹೊಂದುವ ಉತ್ತರ ಕೊಟ್ಟೆ. ಆದರೆ ನನಗೂ ಕುತೂಹಲ ಹತ್ತಿತ್ತು. ಪೈಪ್ ಬಿಚ್ಚಿ ಮಗುಚಿದೆ. ಅಡಿಭಾಗದಲ್ಲಿ ಗೇಣುದ್ದದ ಸೀಳು. ಅಂಚಿಗೆಲ್ಲ ಹಳೇ ಎಣ್ಣೆಯ ಜಿಡ್ಡು ಗಟ್ಟಿಯಾಗಿತ್ತು.

"ಇದೆಂತ?" ಎಂದರು ಅಕ್ಕ.

"ಗಾಳಿ ಇಲ್ಲಿಂದ ಹೋಗ್ತಿತ್ತು, ಶಿಳ್ಳೆ ಇದರದ್ದೇ," ಎಂದು ಹೇಳಲೇಬೇಕಾಯಿತು.

ಅವರು ಗಂಡನ ಮುಖವನ್ನೊಮ್ಮೆ ನೋಡಿದರು. "ಕಾಫಿ ಕುಡಿದೇ ಹೋಗಬೇಕು," ಎಂದು ನನಗೆ ಹೇಳಿ ನಗುತ್ತ ಮೆಟ್ಟಿಲು ಹತ್ತಿದರು.

ಯಜಮಾನರು ಹತ್ತಿರ ಬಂದು ಪಿಸುಗುಟ್ಟಿದರು: "ಬಿಚ್ಚುವಾಗ ಹರಿಯಿತು ಅಂತ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ ಮಾರಾಯ?"

ನನಗೆ ಬೇಕಾದ ಪೈಪ್ ಆಮೇಲೆ ರಬಾಳೆಯ ಗ್ಯಾರೇಜೊಂದರಲ್ಲಿ ಸಿಕ್ಕಿತು. ಆದರೆ ಅಷ್ಟು ಸಂತೋಷದಿಂದ ಮಾಡಿದ ಕಾಫಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.