ಗ್ಯಾರೇಜಿನ ಲೇಥು ಮತ್ತು ಅತ್ತೆಯವರ ಶಾವಿಗೆ

ನವನಗರದ ನಮ್ಮ ಮನೆಗೆ ಲೇಥು ಬಂದ ದಿನ ಓಣಿಯ ಮಂದಿಯೆಲ್ಲ ಗೇಟಿನ ಮುಂದೆ ನಿಂತಿದ್ದರು. ಟೆಂಪೋದಲ್ಲಿ ಹಗ್ಗ ಬಿಗಿದು, ತಾಡಪತ್ರಿ ಹೊದಿಸಿ ಮಲಗಿಸಿದ್ದ ಅದನ್ನು ನೋಡಿ ಎದುರುಮನೆ ಕಾಕೂ ದೊಡ್ಡ ಫ್ರಿಜ್ಜು ಅಂದುಕೊಂಡರು. ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಎಂದು ತೀರ್ಮಾನಿಸಿ, ಇನ್ನು ಜೋಳ ಬೀಸಿಸಲು ದೂರ ಹೋಗುವುದು ತಪ್ಪಿತು ಎಂದು ಸಂತೋಷವನ್ನೂ ಪಟ್ಟುಬಿಟ್ಟಿದ್ದರು. ತಾಡಪತ್ರಿ ಸರಿದಾಗ ಹೊರಬಂದದ್ದು ಹಸಿರು ಬಣ್ಣ ಅಲ್ಲಲ್ಲಿ ಸುಲಿದ, ಮೈತುಂಬ ಹಳೆಯ ಎಣ್ಣೆ ಮೆತ್ತಿಕೊಂಡ ಕಬ್ಬಿಣದ ಪ್ರಾಣಿ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿಗೆ ಹೊಸ ಯಂತ್ರಗಳು ಬಂದಮೇಲೆ ಮೂಲೆ ಸೇರಿದ್ದ ಸಣ್ಣ ಲೇಥು ಅದು.

ಇದು ಏನು ಮಾಡುತ್ತದೆ ಎಂದು ಅತ್ತೆಯವರು ಕೇಳಿದರು. ಸರಳನ್ನು ಗರಗರ ತಿರುಗಿಸುತ್ತದೆ, ಪಕ್ಕದಲ್ಲಿ ಹರಿತವಾದ ಉಳಿ ನಿಂತು ಅದನ್ನು ಹೆರೆದು ದುಂಡಗೆ ಮಾಡುತ್ತದೆ, ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದ ಹಾಗೆ ಎಂದೆ. ಅವರು, ಕುಂಬಾರ ಕನಿಷ್ಠ ಗಡಿಗೆಯನ್ನಾದರೂ ಕೊಡುತ್ತಾನೆ ಎಂದರು. ನಮ್ಮ ಮನೆಯವರು ಕಾರನ್ನು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಂದರು. ಗ್ಯಾರೇಜು ನನ್ನದಾಯಿತು.

ಐವತ್ತು ದಾಟಿದ ನನ್ನಂಥ ವಿಜ್ಞಾನದ ಶಿಕ್ಷಕಿಗೆ ಈ ಹುಚ್ಚು ಹಿಡಿಸಿದವರು ಇಬ್ಬರು. ಒಬ್ಬರು ಕೇಶ್ವಾಪುರದ ಹಲ್ಲಿನ ಡಾಕ್ಟರು. ದವಾಖಾನೆಯ ಹಿಂದಿನ ಕೋಣೆಯಲ್ಲಿ ಅವರದೊಂದು ಲೇಥು ಇದೆ. ಹಲ್ಲು ತೋರಿಸಲು ಹೋದ ನಾನು ಆ ಸದ್ದು ಕೇಳಿ, ದವಡೆಯ ನೋವು ಮರೆತು ಒಳಗೆ ಇಣುಕಿದ್ದೆ. ಇನ್ನೊಬ್ಬರು ಧಾರವಾಡದ ನಿವೃತ್ತ ಬ್ಯಾಂಕ್ ಮ್ಯಾನೇಜರು. ಮಾಳಿಗೆಯ ಮೇಲೆ ತಗಡಿನ ಶೆಡ್ಡು ಹಾಕಿಕೊಂಡು ಲಿಂಬೆಹಣ್ಣಿನಷ್ಟು ಗಾತ್ರದ ಉಗಿ ಎಂಜಿನ್ನುಗಳನ್ನು ಮಾಡುತ್ತಾರೆ. ಅವರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ರವಿವಾರ ಬೆಳಿಗ್ಗೆ ಯಾರಾದರೊಬ್ಬರ ಮನೆಯಲ್ಲಿ ಗಿರಮಿಟ್ಟು, ಮಿರ್ಚಿ, ಚಹಾ ಮತ್ತು ಕಬ್ಬಿಣದ ಮಾತು.

ಈ ಗುಂಪಿಗೆ ಹೊಸಬರು ಸೇರಬೇಕಾದರೆ ಎರಡು ರಿವಾಜುಗಳಿವೆ. ಮೊದಲನೆಯದು, ತಮ್ಮ ಕೈಗೆ ಈ ಚಟ ಎಲ್ಲಿಂದ ಬಂತು ಎಂದು ಹೇಳಬೇಕು. ಡಾಕ್ಟರ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಅಂಗಡಿ ಮುಚ್ಚಿತು, ಆದರೆ ಸಣ್ಣ ಸಣ್ಣ ಉಪಕರಣಗಳಿಗೆ ಬೆರಳು ಹಂಬಲಿಸುವುದು ಮೊಮ್ಮಗನಿಗೆ ಉಳಿಯಿತು. ಹಲ್ಲಿನ ವೈದ್ಯಕ್ಕೆ ಹೋದದ್ದೇ ಆ ಕಾರಣಕ್ಕೆ ಎಂದು ಆಣೆ ಮಾಡಿ ಹೇಳುತ್ತಾರೆ. ಕಾಕಾ ಅವರದು ಬೇರೆ. "ನೋಡವಾ, ಜನ್ಮ ಪೂರ್ತಿ ಕಾಗದಾನೇ ಮುಟ್ಟೀನಿ. ಕಾಗದ ಎಷ್ಟು ತಿಕ್ಕಿದರೂ ಹೊಳಿಯೂದಿಲ್ಲ" ಅಂದಿದ್ದರು.

ನನ್ನ ಸರದಿ ಬಂದಾಗ ನಾನು ಹೇಳಿದ್ದು ನಮ್ಮ ತವರಿನ ಕತೆ. ನಮ್ಮದು ಕಪ್ಪು ಮಣ್ಣಿನ ಎರಿ ಹೊಲದ ಊರು, ಹತ್ತಿಯ ಮನೆತನ. ಅಜ್ಜನದು ಹತ್ತಿಯಿಂದ ಬೀಜ ಬಿಡಿಸಿ ಅರಳೆ ಮಾಡುವ ಒಂದು ಸಣ್ಣ ಜಿನ್ನು ಇತ್ತು. ಅದರ ಚಕ್ರ ಚಾಲೂ ಆದರೆ ಸುತ್ತ ಹಾಕಿದ ಚರ್ಮದ ಪಟ್ಟಿ ಚಪ್ಪಾಳೆ ಹೊಡೆದಂತೆ ಸದ್ದು ಮಾಡುತ್ತಿತ್ತು. ಹೆಣ್ಣುಹುಡುಗಿ ಎಣ್ಣೆ ಮುಟ್ಟಬಾರದು ಎಂದು ಯಾರಿಗೂ ಹೊಳೆದಿರಲಿಲ್ಲವಾಗಿ, ನಾನು ಎಣ್ಣೆಗಿಂಡಿ ಹಿಡಿದು ಅಜ್ಜನ ಹಿಂದೆ ತಿರುಗುತ್ತಿದ್ದೆ. ಮನೆಗೆ ಬಂದರೆ ಅಜ್ಜಿ ಕಡಲೆಹಿಟ್ಟಿನಿಂದ ಕೈ ಉಜ್ಜಿ, ಜಿನ್ನಿನ ಸೊಸೆಯಾಗಿ ಹೋಗು ಎಂದು ಬೈಯುತ್ತಿದ್ದಳು. ಹೇಳಿ ಮುಗಿಸಿದಾಗ ಕಾಕಾ ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದರು. ಅದು ಪಾಸಾದ ಗುರುತು.

ಎರಡನೆಯ ರಿವಾಜು ಲೇಥಿನ ಪರೀಕ್ಷೆ. ಹೊಸ ಲೇಥನ್ನು ನೆಲೆಗೊಳಿಸಿ, ಅದರ ಮೇಲೆ ಒಂದು ಸರಳನ್ನು ಹೆರೆಯಬೇಕು. ಸರಳಿನ ಈ ತುದಿಯ ದಪ್ಪವನ್ನೂ ಆ ತುದಿಯ ದಪ್ಪವನ್ನೂ ಎಲ್ಲರೂ ತಂತಮ್ಮ ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಎರಡೂ ಒಂದೇ ಬಂದರೆ ತೆಂಗಿನಕಾಯಿ ಒಡೆಯುವುದು. ಇಲ್ಲವಾದರೆ ಕಾಯಿ ವಾಪಸು ಚೀಲಕ್ಕೆ. ಲೇಥಿನ ಹಾಸು, ಅಂದರೆ ಉಳಿ ಸರಿದಾಡುವ ಉದ್ದನೆಯ ತಳ, ಒಂದಿಷ್ಟು ತಿರುಚಿಕೊಂಡು ನಿಂತರೂ ಸರಳು ಗಜ್ಜರಿಯಂತೆ ಒಂದು ಕಡೆ ಸಣ್ಣಗಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಳತೆಗೆ ಸಿಗುತ್ತದೆ.

ಶ್ರಾವಣದ ಒಂದು ರವಿವಾರ ಕಾಕಾ, ಗಾಜಿನ ನಳಿಗೆಯೊಳಗಿನ ಗುಳ್ಳೆಯಿಂದ ಮಟ್ಟ ತೋರಿಸುವ ತಮ್ಮ ರಸಮಟ್ಟವನ್ನು ಹೆಂಡತಿಯ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಡಾಕ್ಟರ ಜೊತೆ ಬಂದರು. ಹೊರಗೆ ಜಿಟಿಜಿಟಿ ಮಳೆ. ಲೇಥಿನ ಕಾಲುಗಳ ಕೆಳಗಿನ ಬೋಲ್ಟುಗಳನ್ನು ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಕೆಳಗೆ ಮಾಡುತ್ತ ನಾವು ನೆಲದ ಮೇಲೆ ಹೊಟ್ಟೆಯೂರಿ ಮಲಗಿದ್ದೆವು. ಅತ್ತೆಯವರು ಬಾಗಿಲಲ್ಲಿ ನಿಂತು, ಏನಾದರೂ ಕಳೆದಿದೆಯೇ ಎಂದು ಕೇಳಿ ಹೋದರು. ಕೊನೆಗೆ ಗುಳ್ಳೆ ನಡುವೆ ಬಂದು ನಿಂತಿತು. ಸರಳು ಹೆರೆದೆವು, ಅಳೆದೆವು. ಎರಡೂ ತುದಿ ಒಂದೇ. ನನಗೆ ಕುಣಿಯುವಷ್ಟು ಖುಷಿ. ಕಾಯಿ ಒಡೆದದ್ದೂ ಆಯಿತು, ಲೇಥಿಗೆ ಕುಂಕುಮ ಹಚ್ಚಿದ್ದೂ ಆಯಿತು.

ಆಗ ಡಾಕ್ಟರು ಒಂದು ಸಲಹೆ ಕೊಟ್ಟರು. ಇಷ್ಟು ಛಲೋ ಕೂತದ್ದು ಅಲುಗಾಡಬಾರದು, ಕಾಲುಗಳ ಸುತ್ತ ಬೋಲ್ಟು ಮುಳುಗುವಂತೆ ಸಿಮೆಂಟು ತುಂಬಿಬಿಡೋಣ ಎಂದು. "ಅಕ್ಕೋರ, ಒಮ್ಮೆ ತುಂಬಿದರ ಮುಗೀತ್ರಿ. ಜೀವಮಾನಕ್ಕ ಚಿಂತಿಲ್ಲ." ಹಲ್ಲು ತುಂಬುವವರ ಮಾತು, ನಮಗೆ ಅದು ವೇದವಾಕ್ಯವಾಗಿ ಕೇಳಿಸಿತು. ಅವರೇ ಚಿಕ್ಕ ಕರಣೆ ಹಿಡಿದು, ದವಡೆಗೆ ತುಂಬುವಷ್ಟೇ ನಾಜೂಕಾಗಿ ಸಿಮೆಂಟು ತುಂಬಿ, ಅಂಚನ್ನು ಬೆರಳಿನಿಂದ ನುಣುಪು ಮಾಡಿದರು.

ದೀಪಾವಳಿಯ ಹೊತ್ತಿಗೆ ನಾನು ಗೇಟಿನ ಚಿಲಕ, ಹಿತ್ತಾಳೆಯ ಲಟ್ಟಣಿಗೆ, ಪೆನ್ನು ನಿಲ್ಲಿಸುವ ಬಟ್ಟಲು ಎಲ್ಲ ಮಾಡಿದ್ದೆ. ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸಿದರೆ ಮಣಿಕಟ್ಟು ನೋಯುವಷ್ಟು ಭಾರ. ಅತ್ತೆಯವರು ಅದನ್ನು ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆಂದು ಇಟ್ಟರು. ಆದರೂ ಸಾಲಿ ಮುಗಿಸಿ ಬಂದು ಗ್ಯಾರೇಜಿನ ಬಾಗಿಲು ತೆಗೆಯುವಾಗ ನನಗೆ ಹೊಸ ಸೈಕಲ್ಲು ಸಿಕ್ಕ ಹುಡುಗಿಯಷ್ಟು ಸಡಗರ.

ಸಂಕ್ರಾಂತಿ ಕಳೆಯಿತು. ಅತ್ತೆಯವರು ಅಟ್ಟದಿಂದ ಶಾವಿಗೆ ಮಷಿನ್ನು ಇಳಿಸಿದರು. ಬೆಂಚಿಗೆ ಕಚ್ಚಿಸಿ, ಬಾಯಿಗೆ ಹಿಟ್ಟಿನ ಉಂಡೆ ಹಾಕಿ ಹಿಡಿಕೆ ತಿರುಗಿಸಿದರೆ ಕೆಳಗಿನ ಜಾಲರಿಯಿಂದ ಎಳೆ ಇಳಿಯುವ ಮಷಿನ್ನು. ಓಣಿಯ ಹೆಂಗಸರೆಲ್ಲ ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಸೇರಿ, ಅತ್ತೆಯವರ ಯಜಮಾನಿಕೆಯಲ್ಲಿ ಶಾವಿಗೆ ಹಾಕುವುದು ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ ಪದ್ಧತಿ. ಹೋದ ವರ್ಷ ಹಿಡಿಕೆಯ ಜೊತೆ ಸುತ್ತುವ ಅದರ ಒಳಗಿನ ಶಾಫ್ಟು ಸವೆದು ಕುಣಿಯತೊಡಗಿತ್ತು. ಹಿಟ್ಟು ಕೆಳಗಿಳಿಯುವ ಬದಲು ಹಿಡಿಕೆಯ ಕಡೆ ಹಿಂದಕ್ಕೆ ಒಸರಿ, ಎಳೆಗಳು ಒಂದು ದಪ್ಪ ಒಂದು ಸಣ್ಣ ಬಂದಿದ್ದವು. ಅಂಗಡಿಯಲ್ಲಿ ಪ್ಯಾಕೆಟ್ಟಿನ ಶಾವಿಗೆ ಸಿಗುವಾಗ ಈ ರಗಳೆ ಏಕೆ ಎಂದು ಎದುರುಮನೆ ಕಾಕೂ ಎಲ್ಲರ ಮುಂದೆ ಅಂದಿದ್ದರು. ಆ ಮಾತು ಅತ್ತೆಯವರಿಗೆ ನಾಟಿತ್ತು. ಆ ವರ್ಷದ ಶಾವಿಗೆಯ ಪಾಯಸವನ್ನು ಅವರು ಬಾಯಿಗೆ ಹಾಕಿರಲಿಲ್ಲ.

ನಾನು ಹೊಸ ಶಾಫ್ಟು, ಅದು ಕೂರುವ ಹಿತ್ತಾಳೆಯ ಬಳೆಯಂಥ ಬುಶ್ಶು ಎರಡನ್ನೂ ಮಾಡಿಕೊಡುತ್ತೇನೆ ಎಂದೆ. ಅತ್ತೆಯವರು ತಲೆಯಾಡಿಸಿದರಷ್ಟೆ. ಆದರೆ ನಾನು ಅಳತೆ ತೆಗೆದುಕೊಂಡ ಮರುದಿನವೇ ಅವರು ಹಳೆಯ ಶಾಫ್ಟನ್ನು ಹಳೇ ಕಬ್ಬಿಣ ಕೊಳ್ಳುವ ಮೋಡಕಾದವನ ಗಾಡಿಗೆ ಹಾಕಿ, ಓಣಿಯ ಪ್ರತಿ ಮನೆಗೂ ಹೋಗಿ, ಹೋಳಿ ಹುಣ್ಣಿಮೆ ಕಳೆದ ಗುರುವಾರ ಶಾವಿಗೆ, ಎಲ್ಲರೂ ಬರಬೇಕು ಎಂದು ಕರೆದುಬಂದಿದ್ದರು.

"ಹಳೇದರ ಇಟ್ಕೋಬೇಕಿತ್ರಿ, ಅತ್ಯಾರ" ಎಂದೆ.

"ಯಾಕ? ನೀ ಮಾಡಾಕತ್ತೀ ಅಲ್ಲ?"

ಇಷ್ಟೇ. ಮೂವತ್ತು ವರ್ಷ ಸಾಲಿಯಲ್ಲಿ ಪಾಠ ಹೇಳಿದ್ದಕ್ಕೆ ಅವರು ನನ್ನನ್ನು ಹೊಗಳಿದವರಲ್ಲ. ಈಗ ಓಣಿಯ ಮುಂದೆ ತಮ್ಮ ಮಾನವನ್ನೇ ನನ್ನ ಲೇಥಿಗೆ ಸಿಕ್ಕಿಸಿಬಿಟ್ಟಿದ್ದರು.

ಬುಶ್ಶು ಸಲೀಸಾಗಿ ಬಂತು. ಶಾಫ್ಟು ಬರಲಿಲ್ಲ. ಸ್ಟೀಲಿನ ಸರಳು ಹೆರೆದು ಬುಶ್ಶಿಗೆ ತೂರಿಸಿದರೆ ಅರ್ಧ ದಾರಿ ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಇನ್ನಷ್ಟು ಹೆರೆದರೆ ಮುಂದಿನ ತುದಿ ಲೊಡಲೊಡ, ಹಿಂದಿನದು ಬಿಗಿ. ಅಳೆದು ನೋಡಿದೆ: ಗಜ್ಜರಿ. ಮತ್ತೊಂದು ಸರಳು, ಮತ್ತೊಂದು ಗಜ್ಜರಿ. ಹೋಳಿಯ ಬಣ್ಣ ಹುಡುಗರ ಕಿವಿಯಿಂದ ಇನ್ನೂ ಹೋಗಿರಲಿಲ್ಲ, ಗುರುವಾರ ಹತ್ತಿರ ಬರುತ್ತಿತ್ತು. ಅಡಿಗೆಮನೆಯಲ್ಲಿ ಅತ್ತೆಯವರು ಗೋದಿ ಹಸನು ಮಾಡುತ್ತ ಕೂತದ್ದು ಕಂಡರೆ ನಾನು ಹಿತ್ತಲ ಬಾಗಿಲಿಂದ ತಿರುಗಾಡುತ್ತಿದ್ದೆ.

ರವಿವಾರ ಇಬ್ಬರಿಗೂ ಫೋನು ಮಾಡಿ ಕರೆಸಿದೆ. ಉಳಿ ಮೊಂಡಾಗಿದೆ ಎಂದರು ಕಾಕಾ; ಮಸೆದೆವು. ಸರಳು ಹಿಡಿಯುವ ದವಡೆ ಸಡಿಲವಾಗಿದೆ ಎಂದರು ಡಾಕ್ಟರು. ಬಿಚ್ಚಿ, ಒರೆಸಿ, ಬಿಗಿದೆವು. ಗಜ್ಜರಿಯೇ. ಲೇಥಿನ ಮಟ್ಟ ಮತ್ತೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಾಯಿ ಒಡೆದು ಸಿಮೆಂಟು ತುಂಬಿದ ಮೇಲೆ ಅದು ಮುಗಿದ ಮಾತು. ರಸಮಟ್ಟ ಕಾಕಾ ಅವರ ಚೀಲದಲ್ಲೇ ಸೀರೆ ಹೊದ್ದು ಮಲಗಿತ್ತು.

ನಾನು ಚಹಾ ತರಲೆಂದು ಹೊರಬಂದೆ. ಗ್ಯಾರೇಜಿನ ಗೋಡೆಗೆ ಹತ್ತಿದ ಕರಿಬೇವಿನ ಗಿಡಕ್ಕೆ ಅತ್ತೆಯವರು ಕೊಡದಿಂದ ನೀರು ಹಾಕುತ್ತಿದ್ದರು. ನೀರು ಗಿಡದ ಬುಡದಲ್ಲಿ ನಿಲ್ಲದೆ ಗೋಡೆಯ ಕಡೆ ಸರಿದು ಗುಳುಗುಳು ಎಂದು ಒಳಗೆ ಇಳಿದುಹೋಯಿತು. ಬಗ್ಗಿ ನೋಡಿದೆ. ಗೋಡೆಯ ಬುಡಕ್ಕೆ ಉದ್ದಕ್ಕೂ ಬಿರುಕು, ನನ್ನ ಕೈ ಹೋಗುವಷ್ಟು ಅಗಲ.

"ಎಷ್ಟ ಹಾಕಿದರೂ ಕುಡೀತೈತಿ ನೋಡ, ಈ ಎರಿ" ಎಂದರು ಅವರು.

ಎರಿ. ತವರಿನ ಹೊಲದಲ್ಲಿ ಬೇಸಿಗೆಯಲ್ಲಿ ಅಜ್ಜಿ ನನ್ನ ಕೈ ಬಿಡುತ್ತಿರಲಿಲ್ಲ. ಎರಿ ಭೂಮಿ ಮಳೆಗಾಲದಲ್ಲಿ ಬಸುರಿಯಂತೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಣಂತಿಯಂತೆ ಇಳಿಯುತ್ತದೆ, ಬಾಯಿ ತೆರೆದಾಗ ಕಾಲಿಟ್ಟರೆ ಗೆಜ್ಜೆಯನ್ನೂ ನುಂಗುತ್ತದೆ ಅನ್ನುತ್ತಿದ್ದಳು. ಈ ಗ್ಯಾರೇಜಿನ ಫರಸಿಯ ಕೆಳಗಿರುವುದೂ ಅದೇ ಮಣ್ಣು. ನಾವು ಲೇಥನ್ನು ಮಟ್ಟಕ್ಕೆ ಕೂರಿಸಿದ್ದು ಶ್ರಾವಣದಲ್ಲಿ, ಭೂಮಿ ಉಬ್ಬಿದ್ದಾಗ. ಈಗ ಗೋಡೆಯ ಬದಿ ಒಣಗಿ ಇಳಿದಿದೆ, ಅದರ ಜೊತೆ ಆ ಕಡೆಯ ಕಾಲನ್ನೂ ಎಳೆದುಕೊಂಡಿದೆ.

ಚಹಾ ಮರೆತು ಒಳಗೆ ಓಡಿದೆ. ರಸಮಟ್ಟ ತೆಗೆಯಿರಿ ಎಂದೆ. ಕಾಕಾ ಅದನ್ನು ಹಾಸಿನ ಮೇಲೆ ಈ ತುದಿಗೆ ಇಟ್ಟರು. ಗುಳ್ಳೆ ಶಾಂತವಾಗಿ ನಡುವೆ. ಆ ತುದಿಗೆ ಇಟ್ಟರು. ಗುಳ್ಳೆ ಸರ್ರನೆ ಮೂಲೆಗೆ ಓಡಿತು. ಮೂವರೂ ಹುಚ್ಚರ ಹಾಗೆ ನಗತೊಡಗಿದೆವು. ತಪ್ಪು ಸಿಕ್ಕ ಸುಖ ಎಂಥದು ಎಂಬುದು ಈ ಚಟದವರಿಗೇ ಗೊತ್ತು.

"ಬೋಲ್ಟ್ ತಿರುವಿದರ ಆತಲ್ಲ" ಎಂದು ಕಾಕಾ ಪಾನಾ ಹಿಡಿದು ಬಗ್ಗಿದರು. ತಿರುವಲು ಬೋಲ್ಟು ಎಲ್ಲಿದೆ? ಸಿಮೆಂಟಿನ ಹೊಟ್ಟೆಯಲ್ಲಿ. ಅವರು ನಿಧಾನವಾಗಿ ಡಾಕ್ಟರ ಕಡೆ ತಿರುಗಿದರು. "ಏನ್ರೀ ಡಾಕ್ಟರ್, ಜೀವಮಾನಕ್ಕ ಚಿಂತಿಲ್ಲ ಅಂದಿದ್ರಿ."

"ತುಂಬಿದವರೇ ಕೀಳಬೇಕಲ್ರಿ" ಎಂದು ಡಾಕ್ಟರು ಅಂಗಿಯ ತೋಳು ಮಡಚಿದರು. ಉಳಿ, ಸುತ್ತಿಗೆ ಹಿಡಿದು ನೆಲಕ್ಕೆ ಮಲಗಿ, ಚೂರು ಚೂರಾಗಿ ಬಿಡಿಸಿದರು. ಅವರ ಹಣೆಯ ಬೆವರು ಒರೆಸಲು ಅತ್ತೆಯವರೇ ಟವೆಲ್ಲು ತಂದುಕೊಟ್ಟು, ನೋವಾಗದಂತೆ ಕೀಳಿರಿ ಎಂದು ಹೇಳಿ ಹೋದರು. ಮಧ್ಯಾಹ್ನದ ಊಟದ ಹೊತ್ತಿಗೆ ಬೋಲ್ಟುಗಳು ಹೊರಗೆ ಬಂದವು. ಮಟ್ಟ ಮಾಡಿದೆವು. ಸಿಮೆಂಟಿನ ಹೆಸರನ್ನು ಯಾರೂ ಎತ್ತಲಿಲ್ಲ. ಇನ್ನು ಮೇಲೆ ಕಾಲ ಬದಲಾದಾಗಲೆಲ್ಲ ಬೋಲ್ಟು ತಿರುವಬೇಕು ಎಂದು ಅಲ್ಲಿಯೇ ಗೊತ್ತುಮಾಡಿಕೊಂಡೆವು.

ಹೊಸ ಸರಳು ಏರಿಸಿದೆ. ಉಳಿ ಮುಟ್ಟಿತು, ಸ್ಟೀಲು ಹೊಳೆಯುವ ಸುರುಳಿಯಾಗಿ ಬಿಚ್ಚಿಕೊಂಡು ಕೆಳಗಿಳಿಯಿತು, ಬಿಸಿ ಎಣ್ಣೆಯ ವಾಸನೆ ಎದ್ದಿತು. ನಾನು ಅಳೆದೆ, ಡಾಕ್ಟರು ಅಳೆದರು, ಕಾಕಾ ಅಳೆದರು. ಈ ತುದಿ, ಆ ತುದಿ, ಒಂದೇ. ಎಣ್ಣೆ ಸವರಿ ಬುಶ್ಶಿಗೆ ಇಟ್ಟರೆ, ಶಾಫ್ಟು ಒಂದು ಸಣ್ಣ ಉಸಿರು ಬಿಟ್ಟು ಪೂರಾ ಒಳಗೆ ಹೋಯಿತು.

ಆದರೆ ಮೈಕ್ರೋಮೀಟರು ಒಪ್ಪಿದರೆ ಸಾಲದು. ಹಿಟ್ಟು ಒಪ್ಪಬೇಕು, ಓಣಿ ಒಪ್ಪಬೇಕು.

ಗುರುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಬೆಂಚು, ಬೆಂಚಿಗೆ ಮಷಿನ್ನು, ಸುತ್ತ ಓಣಿಯ ಹೆಂಗಸರು. ನಾನು ಸಾಲಿಗೆ ರಜೆ ಹಾಕಿದ್ದೆ. ಅತ್ತೆಯವರು ಉಂಡೆ ಹಾಕಿ ಎದುರುಮನೆ ಕಾಕೂ ಅವರನ್ನೇ ಕರೆದು ಹಿಡಿಕೆ ಕೊಟ್ಟರು. ಕಾಕೂ ಹೋದ ವರ್ಷದ ನೆನಪಿನಲ್ಲಿ ಸೆರಗು ಸಿಕ್ಕಿಸಿ, ಕಾಲು ಗಟ್ಟಿ ಊರಿ ಜೋರಾಗಿ ತಿರುಗಿಸಿದರು. ಹಿಡಿಕೆ ಅಷ್ಟು ಹಗುರವಾಗಿ ಸುತ್ತಿತೆಂದರೆ ಅವರು ಮುಗ್ಗರಿಸುವುದೊಂದು ಬಾಕಿ. ಮೊದಲು ಒಂದಿಷ್ಟು ಹಿಟ್ಟು ಮುದ್ದೆಮುದ್ದೆಯಾಗಿ ಬಂತು. ಆಮೇಲೆ ಎಳೆಗಳು ಇಳಿದವು. ಎಲ್ಲ ಒಂದೇ ಸಮ, ಹೊಸದಾಗಿ ಬಾಚಿದ ಕೂದಲಿನಂತೆ, ಕಡಿಯದೆ ಇಳಿಯುತ್ತಲೇ ಇದ್ದವು. ಹಿಡಿಕೆಯ ಕಡೆ ಒಂದು ಚೂರು ಹಿಟ್ಟೂ ಒಸರಲಿಲ್ಲ. ಅತ್ತೆಯವರು ಎಳೆಗಳನ್ನು ಕೋಲಿನ ಮೇಲೆ ಎತ್ತಿ ಬಿಸಿಲಿಗೆ ಹಿಡಿದು, ಈ ಕಡೆಯಿಂದ ಆ ಕಡೆಗೆ ನೋಡುತ್ತ ಹೋದರು. ಕಾಕಾ ಮೈಕ್ರೋಮೀಟರು ಓದುವಾಗಿನ ಮುಖವೇ ಅದು.

"ನಮ್ಮ ಮಷಿನ್ನೂ ಕುಣ್ಯಾಕತ್ತೇತಿ, ವೈನಿ" ಎಂದರು ಎದುರುಮನೆ ಕಾಕೂ, ಹಿಡಿಕೆ ಬಿಡದೆ, ದನಿ ಸಣ್ಣ ಮಾಡಿ. ಪಕ್ಕದ ಮನೆಯವರು ತಮ್ಮ ತವರಿನಲ್ಲೂ ಒಂದಿದೆ, ತರಿಸಬಹುದೇ ಎಂದರು.

ಅತ್ತೆಯವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತರ್ರಿ, ಎಲ್ಲಾರೂ ತರ್ರಿ. ಮಳಿ ಬೀಳೂದ್ರಾಗ ಮಾಡಿ ಕೊಡತಾಳ. ಮಳಿ ಬಿದ್ದರ ಮತ್ತ ನೆಲ ಉಬ್ಬತೈತಿ, ಬೋಲ್ಟ್ ತಿರುವಬೇಕಾಗತೈತಿ" ಎಂದರು, ಹುಟ್ಟಿದಾಗಿನಿಂದ ಲೇಥು ನಡೆಸಿದವರ ಹಾಗೆ.

ಕಾಕೂ ಆಗಲೇ ಮನೆಗೆ ಓಡಿ ತಮ್ಮ ಮಷಿನ್ನು ತಂದಾಗಿತ್ತು. ನಾನು ಹಿಟ್ಟಿನ ಕೈ ತೊಳೆದುಕೊಂಡು, ಅದನ್ನು ಕೂಸಿನ ಹಾಗೆ ಬಗಲಲ್ಲಿ ಎತ್ತಿಕೊಂಡು, ಮೆಟ್ಟಿಲಿಳಿದು ಗ್ಯಾರೇಜಿಗೆ ಹೋದೆ.