ರೊಟ್ಟಿ ಬಡಿಯಲು ಒಂದು ಟೌನ್ ಹಾಲ್

ಲಂಡನ್ನಿನ ನಮ್ಮ ಕೌನ್ಸಿಲ್ ಸಭೆಯಲ್ಲಿ, ಮತಕ್ಕೆ ಹಾಕುವ ಮೊದಲು, ಸದಸ್ಯೆ ಮಾರ್ಗರೆಟ್ ಎದ್ದು ಗಂಭೀರವಾಗಿ ಹೇಳಿದರು: "ನನಗೆ ಒಂದು ಪೇಟ, ಒಂದು ಶಾಲು, ಒಂದು ತೆಂಗಿನಕಾಯಿ ಬಂದಿವೆ. ಆದ್ದರಿಂದ ನಾನು ಹೊರಗೆ ಹೋಗುತ್ತೇನೆ."

ಹೋಗಿಯೇಬಿಟ್ಟರು. ನಮ್ಮ ಖಾತ್ರಿಯ ಮತವೊಂದು ಬಾಗಿಲು ದಾಟಿತು.

ಪ್ರೇಕ್ಷಕರ ಗ್ಯಾಲರಿಯಲ್ಲಿ ಪಕ್ಕದಲ್ಲಿ ಕೂತಿದ್ದ ಸರೋಜಕ್ಕ ನನ್ನ ಮೊಣಕೈ ಹಿಂಡಿದರು. "ಅಯ್ಯ ನಮ್ಮಪ್ಪ, ಮರ್ಯಾದಿ ಮಾಡಿದ್ದೂ ತಪ್ಪೇನೋ ತಮ್ಮಾ?"

ಇದೆಲ್ಲ ರೊಟ್ಟಿಯಿಂದ ಶುರುವಾಯಿತು. ಶುರುವಾಯಿತು ಎಂದೆ, ನಿಜವಾಗಿ ಯಾವುದು ಎಲ್ಲಿ ಶುರುವಾಯಿತೋ, ಈಗ ಕೂತು ಜೋಡಿಸುತ್ತಿರುವವನು ನಾನು. ಸರೋಜಕ್ಕ ಧಾರವಾಡದವರು, ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ನಮ್ಮದು ಟೆರೇಸ್ ಮನೆಗಳ ಬೀದಿ: ಸಾಲಾಗಿ ಅಂಟಿಕೊಂಡು, ಎರಡು ಮನೆಗೆ ಒಂದೇ ಗೋಡೆ. ಅವರು ಜೋಳದ ರೊಟ್ಟಿ ಬಡಿದರೆ ಪಕ್ಕದ ಮುದುಕ ಬಾಗಿಲು ತಟ್ಟಿ, "ಒಳಗೆ ಎಲ್ಲರೂ ಕ್ಷೇಮವೇ?" ಎಂದು ಕೇಳುತ್ತಿದ್ದ. ಊರಲ್ಲಿ ಆ ಸದ್ದಿಗೆ ನೆರೆಯವರಿಗೆ ಹಸಿವಾಗುತ್ತದೆ, ಇಲ್ಲಿ ಆತಂಕವಾಗುತ್ತದೆ.

ಹಾಗಾಗಿ ಭಾನುವಾರ ಹಳೆಯ ಟೌನ್ ಹಾಲಿನ ಅಡುಗೆಮನೆ ಬಾಡಿಗೆಗೆ ಹಿಡಿದೆವು. ನಮ್ಮ ಬಡಾವಣೆ ಹಿಂದೆ ತನ್ನದೇ ಕೌನ್ಸಿಲ್ ಇದ್ದ ಪುಟ್ಟ ಊರಾಗಿತ್ತಂತೆ. ಅರವತ್ತರ ದಶಕದಲ್ಲಿ ಗ್ರೇಟರ್ ಲಂಡನ್ ಹುಟ್ಟಿದಾಗ ದೊಡ್ಡ ಬರೋದೊಳಗೆ ಸೇರಿತು. ಬರೋ ಎಂದರೆ ನಗರದೊಳಗಿನ ನಗರ. ಅಧಿಕಾರ ಹೊಸ ಕಟ್ಟಡಕ್ಕೆ ಹೋಯಿತು, ಹಾಲ್ ಉಳಿಯಿತು. ಅಲ್ಲಿ ಗೋಡೆ ದಪ್ಪ. ಗೋದಾಮಿನ ಪಾಳಿ ಮುಗಿಸಿದವರು, ಆಸ್ಪತ್ರೆಯವರು, ಕೊನೆಗೆ ಆ ಮುದುಕನೂ ಬಂದು ಉಣ್ಣತೊಡಗಿದರು. ವಾರವಿಡೀ ಬೇರೆಯವರನ್ನು ಮಲಗಿಸುವ ಸರೋಜಕ್ಕ ಅಲ್ಲಿ ಪೂರ್ತಿ ಎಚ್ಚರವಾಗುತ್ತಿದ್ದರು.

ಆಗಲೇ, ಖರ್ಚು ಉಳಿಸಲೆಂದು ಹಾಲಿಗೆ ಭಾನುವಾರ ಬೀಗ ಹಾಕುವ ಪ್ರಸ್ತಾವ ಕೌನ್ಸಿಲ್ ಮುಂದೆ ಬಂತು. ಮಾರ್ಗರೆಟ್ ನಮ್ಮ ವಾರ್ಡಿನವರು, ನಮ್ಮಲ್ಲಿ ಉಂಡವರು, ಬೀಗದ ವಿರುದ್ಧವೇ ಮತ ಎಂದು ಮಾತು ಕೊಟ್ಟವರು. ಸನ್ಮಾನ ಮಾಡದೆ ಕೃತಜ್ಞತೆ ಹೇಳಲು ನಮಗೆ ಎಲ್ಲಿ ಬರುತ್ತದೆ? ಅವರು ಬೇಡ ಎನ್ನುವಷ್ಟರಲ್ಲಿ ಪೇಟ ತಲೆಯ ಮೇಲಿತ್ತು. ಇಲ್ಲಿ ಉಡುಗೊರೆ ಪಡೆದವರು ಅದನ್ನು ಸಭೆಗೆ ತಿಳಿಸಬೇಕು. ಸಂಶಯಕ್ಕೆ ಎಡೆ ಬೇಡವೆನ್ನುವವರು ಮತ ಹಾಕದೆ ಎದ್ದು ಹೋಗುತ್ತಾರೆ.

ಮಾರ್ಗರೆಟ್ ಹೊರಗೆ ಹೋದ ಮೇಲೆ ಕೈಗಳು ಎದ್ದವು. ಎಷ್ಟೆಂದು ಸರೋಜಕ್ಕನ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ. ಎರಡೂ ಕಡೆ ಸಮ ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಸಮವಾದರೆ ಅಧ್ಯಕ್ಷರಿಗೆ ಇನ್ನೊಂದು ಮತ. ಅಧ್ಯಕ್ಷ ಕಾಲಿನ್ ಆಗಷ್ಟೇ ಬೀಗದ ಪರ ಕೈ ಎತ್ತಿದ್ದರು.

"ಮುಗೀತು. ನಡಿ," ಎಂದರು ಸರೋಜಕ್ಕ, ಕೋಟು ಎತ್ತಿಕೊಂಡು.

ಕಾಲಿನ್ ಕನ್ನಡಕ ತೆಗೆದರು. "ನನ್ನ ಮತ ಮುಚ್ಚುವುದಕ್ಕೆ. ಕುರ್ಚಿಯ ಮತ ಮುಚ್ಚದಿರುವುದಕ್ಕೆ. ಸದಸ್ಯರು ಸಮವಾಗಿ ಒಡೆದಾಗ ಇದ್ದದ್ದನ್ನು ಕೆಡಿಸುವುದು ಕುರ್ಚಿಯ ಕೆಲಸವಲ್ಲ ಎಂಬುದು ವಾಡಿಕೆ."

ಸರೋಜಕ್ಕ ಕೋಟನ್ನು ಒಂದೇ ತೋಳಿಗೆ ಹಾಕಿಕೊಂಡು ಚಪ್ಪಾಳೆ ಹೊಡೆದರು. ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆಯಬಾರದಂತೆ. ಹೊಡೆದೆವು.

ಹೊರಗೆ ಕಾಲಿನ್ ಸಿಕ್ಕರು. "ಇದು ತಪ್ಪು ನಿರ್ಧಾರವೆಂದೇ ನಾನು ಈಗಲೂ ನಂಬಿದ್ದೇನೆ."

"ಭಾನುವಾರ ಬರ್ರಿ. ಉಂಡು ಆಮ್ಯಾಲೆ ಬೈರಿ."

ಸರೋಜಕ್ಕ ಇದನ್ನು ಇಂಗ್ಲಿಷಿನಲ್ಲೇ ಹೇಳಿರಬೇಕು. ನನಗೆ ಮಾತ್ರ ಹೀಗೇ ನೆನಪಿದೆ. ಅವರು ಬಂದರು, ಶೇಂಗಾ ಚಟ್ನಿಗೆ ಕಣ್ಣೀರು ಸುರಿಸಿದರು, ಇನ್ನೊಂದು ರೊಟ್ಟಿ ಕೇಳಿದರು.

ನಾನೂ ಧಾರವಾಡದವನೇ. ಅವತ್ತೇ ಅಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ, "ನಮ್ಮ ಓಣಿ ಮೆಂಬರ್ ಯಾರವ್ವಾ?" ಎಂದೆ.

"ಇಲ್ಲಿದ್ದಾಗ ಒಂದಿನಾ ಕೇಳ್ಲಿಲ್ಲ. ಈಗ ಏನಣ್ಣಾ, ಇಲೆಕ್ಷನ್‌ಗೆ ನಿಂದರಾಂವೇನು?"

ಇಬ್ಬರೂ ನಕ್ಕೆವು. ಕಾಮನ್‌ವೆಲ್ತ್ ದೇಶದವನೆಂದು ಇಲ್ಲಿ ನನಗೆ ಮತವಿದೆ. ಅಲ್ಲಿಯ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಉಳಿದಿದೆಯೇ ಎಂದು ತಂಗಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಅವಳು ನೋಡಿ, ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.