ಉದಗೀರದಲ್ಲಿ ತಂಗಿಗೆ ಕಾರು ನೋಡಿದ್ದು

ಉಮರ್ಗಾದಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ನನ್ನನ್ನು ಕರೆಯುತ್ತಾರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದವನು ನಾನು. ಈಗ ಅದೇ ಹೆದ್ದಾರಿಯ ಮೇಲೆ ನನ್ನದೇ ಗ್ಯಾರೇಜಿದೆ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ಗಾಡಿ ಬೆಳಿಗ್ಗೆಯಿಂದ ನಿಂತಿದೆಯೋ ಓಡಿ ಬಂದಿದೆಯೋ ಹೇಳುತ್ತೇನೆ. ಇದು ಜಂಬವಲ್ಲ, ಎಷ್ಟೋ ವರ್ಷ ಕೈ ಸುಟ್ಟುಕೊಂಡು ಕಲಿತದ್ದು. ಆದರೂ ಒಂದು ಕಾರಿನ ವಿಷಯದಲ್ಲಿ ಎಡವಿದೆ, ಅದೂ ಸ್ವಂತ ತಂಗಿಯ ಮುಂದೆ.

ತಂಗಿ ನಿಲಂಗಾ ಕಡೆ ಸರಕಾರಿ ನರ್ಸು. ಮೂರು ಹಳ್ಳಿಗಳು ಅವಳ ಪಾಲಿಗಿದ್ದವು. ಮಳೆ ಕೈಕೊಟ್ಟ ಎರಡನೆಯ ವರ್ಷ, ಮೊಣಕಾಲುದ್ದ ಧೂಳೆದ್ದ ರಸ್ತೆಯಲ್ಲಿ ಸ್ಕೂಟಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಇನ್ನು ಎರಡು ಗಾಲಿಯ ಗಾಡಿ ಮುಟ್ಟಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಹೋಗಿ ಬರಲು ಆಗದಿದ್ದರೆ ಬೇರೆ ಕಡೆ ವರ್ಗ ತೆಗೆದುಕೋ ಎಂದು ಆಫೀಸಿನವರು ಹೇಳಿದರು. ಆ ಮೂರು ಊರುಗಳಲ್ಲಿ ಅವಳ ಕೈಯಲ್ಲೇ ಹುಟ್ಟಿದ ಮಕ್ಕಳು ಆಗಲೇ ಪಾಟೀಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದವು. ಅವಳು ಹಟಕ್ಕೆ ಬಿದ್ದು ಕಾರು ಕಲಿತಳು. ಗಂಡ ಒಳ್ಳೆಯವನೇ, ಆದರೆ ಸ್ಟೇರಿಂಗ್ ಕಂಡರೆ ಅವನಿಗೆ ಬೆವರು.

ಉದಗೀರದ ಮೊಂಡಾ ಪೇಟೆಯಲ್ಲಿ ಧಾನ್ಯದ ಅಡತಿ ಅಂಗಡಿ ಇಟ್ಟ ಯಜಮಾನರೊಬ್ಬರ ಮನೆಯಲ್ಲಿ ಸಣ್ಣ ಬಿಳಿ ಕಾರು ಮಾರಲಿಕ್ಕಿದೆ ಎಂದು ಗೊತ್ತಾಯಿತು. ಬೆಳಿಗ್ಗೆಯೇ ಹೋದೆವು. ವಿಭೂತಿ ಹಚ್ಚಿಕೊಂಡು ಪೂಜೆಯಿಂದ ಎದ್ದಿದ್ದ ಯಜಮಾನರು, "ಯಾ, ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂರಿಸಿ, ನಮ್ಮ ಮಾತು ಕೇಳಿದ ಮೇಲೆ ಕನ್ನಡಕ್ಕೆ ಬಂದರು.

"ನೀ ಒಳಗ ಹೋಗು ತಂಗಿ, ಹೆಣ್ಮಕ್ಕಳು ಅದಾರ. ಗಾಡಿ ನಾವು ನೋಡ್ಕೋತೀವಿ."

ಕಾರು ಓಡಿಸುವವಳು ಅವಳು. ಅವಳು ಅಡುಗೆಮನೆಗೆ ಹೋದಳು, ಕಾರಿನ ಹತ್ತಿರ ನಾನು ಹೋದೆ. ಆಗ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ನನ್ನ ಪದ್ಧತಿಯಲ್ಲೇ ನೋಡಿದೆ. ಮೊದಲು ಅಂಗೈ ಇಟ್ಟೆ, ಇಂಜಿನ್ ತಣ್ಣಗಿತ್ತು. ತಣ್ಣಗಿದ್ದಾಗಲೇ ಚಾಲೂ ಮಾಡಿ ಸೈಲೆನ್ಸರಿನ ಹೊಗೆ ನೋಡಬೇಕು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಬರಲಿಲ್ಲ. ಆಯಿಲ್ ಮುಚ್ಚಳ ತಿರುವಿದೆ, ಆಯಿಲಿಗೆ ನೀರು ಸೇರಿದರೆ ಕಟ್ಟುವ ಕೆನೆಯಂಥ ಬಿಳಿ ಲೋಳೆ ಒಳಗೆ ಇರಲಿಲ್ಲ. ಬಾಗಿಲುಗಳ ಸಂದು ಎರಡೂ ಕಡೆ ಒಂದೇ ಅಳತೆಯಲ್ಲಿತ್ತು, ಅಂದರೆ ಗುದ್ದಿಸಿಕೊಂಡ ಗಾಡಿಯಲ್ಲ. ಮೀಟರು ಕಡಿಮೆ ತೋರಿಸುತ್ತಿದ್ದರೂ ಕ್ಲಚ್ ಪೆಡಲಿನ ರಬ್ಬರು ಸವೆದಿದ್ದರೆ ಮೀಟರನ್ನು ನಂಬಬಾರದು. ರಬ್ಬರು ಮೀಟರಿಗೆ ತಕ್ಕ ಹಾಗೇ ಇತ್ತು. ನಮ್ಮ ಗಡಿಯಲ್ಲಿ ಕಾಗದದ ತೊಂದರೆಯೂ ಉಂಟು. ಬೀದರ ಪಾಸಿಂಗ್, ಅಂದರೆ ಕರ್ನಾಟಕದ ನಂಬರಿನ ಗಾಡಿ ಇಲ್ಲಿ ಮಹಾರಾಷ್ಟ್ರದಲ್ಲಿ ಕೊಂಡರೆ ಹೆಸರಿಗೆ ಬರುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ. ಇದು ಇಲ್ಲಿಯದೇ, ಯಜಮಾನರ ಹೆಸರಿನಲ್ಲೇ ಇತ್ತು. ರೇಡಿಯೇಟರ್ ಮುಚ್ಚಳ ತೆಗೆದೆ. ಒಳಗೆ ಇಂಜಿನ್ ತಣಿಸುವ ಹೊಚ್ಚ ಹೊಸ ಹಸಿರು ಕೂಲಂಟು. ಬೋರಿನ ಸವಳು ನೀರು ಸುರಿದು ರೇಡಿಯೇಟರ್ ಸುಣ್ಣಗಟ್ಟಿಸುವ ಜನರ ನಡುವೆ ಎಂಥ ನಿಗಾ ಎಂದುಕೊಂಡೆ. ಡಿಕ್ಕಿಯಲ್ಲಿ ಎರಡು ಖಾಲಿ ಕ್ಯಾನು ಬಿದ್ದಿದ್ದವು. ಅವನ್ನು ಸರಿಸಿ ಸ್ಟೆಪ್ನಿ ನೋಡಿದೆ. ಓಣಿಯೊಳಗೆ ಒಂದು ಸುತ್ತು ಹೊಡೆದು ಬಂದು ತೀರ್ಪು ಕೊಟ್ಟೆ.

"ಗಾಡಿ ಎಕದಮ್ ಬರಾಬರಿ ಅದ್ರಿ."

ಪೋಹೆಯ ತಟ್ಟೆಗಳು ಬಂದವು. ಅವುಗಳ ಹಿಂದೆಯೇ ತಂಗಿಯೂ ಬಂದಳು. ಅವಳ ಮುಖ ನೋಡಿದರೆ ಯಾರದೋ ಜ್ವರ ಅಳೆದು ಬಂದವಳ ಹಾಗಿತ್ತು.

"ಅಣ್ಣಾ, ನಾ ಒಂದ್ ಸಲ ನಡೆಸಿ ನೋಡ್ತೀನಿ. ಈಗಲ್ಲ, ಹನ್ನೆರಡಾಗ್ಲಿ."

"ನಾ ನೋಡೀನಲ್ಲ?"

"ನೀ ನೋಡಿದಿ. ನಡೆಸಾಕಿ ನಾನು."

ಯಜಮಾನರು ನಕ್ಕರು. "ಭರ್ತಿ ಬಿಸಲಾಗ ಯಾಕ್ ತಂಗಿ? ಎಲ್ಲರೂ ನೆಳ್ಳಿಗಿ ಕುಂದ್ರೂ ಹೊತ್ತದು."

"ಜಡ್ಡಾದವರು ಹೊತ್ತು ನೋಡಿ ಜಡ್ಡಾಗಲ್ಲರೀ ಮಾಮಾ."

ಹನ್ನೆರಡಕ್ಕೆ ಹೊರಟೆವು. ಅವಳು ಏಸಿ ಹಾಕಿ ಕಿಟಕಿ ಏರಿಸಿ ನಿಲಂಗಾದ ದಾರಿ ಹಿಡಿದಳು. ಊರು ದಾಟಿದ ಮೇಲೆ ಕೇಳಿದಳು, "ಡಿಕ್ಕ್ಯಾಗ ಎರಡ ಕ್ಯಾನ್ ನೋಡಿದಿಲ್ಲ?"

"ನೋಡ್ದೆ. ಕುಡ್ಯೂ ನೀರಿಂದು."

"ಕುಡ್ಯೂದೇ. ಖರೆ ಕುಡ್ಯೂದು ಈ ಗಾಡಿ."

ಆ ವರ್ಷ ಕ್ಯಾನಿಲ್ಲದ ಗಾಡಿಯೇ ಇರಲಿಲ್ಲ. ಮಾಕಣಿ ಅಣೆಕಟ್ಟಿನ ತಳ ಒಣಗಿ ಬಿರುಕು ಬಿಟ್ಟಿತ್ತು. ಬೈಕು, ಜೀಪು, ಮದುವೆಯ ಬಸ್ಸು, ಎಲ್ಲದರಲ್ಲೂ ಕ್ಯಾನು. ಬೇರೆ ವರ್ಷವಾಗಿದ್ದರೆ ಡಿಕ್ಕಿಯಲ್ಲಿ ಎರಡು ಕ್ಯಾನು ಕಂಡ ಕೂಡಲೇ ಗಾಡಿ ಬಿಸಿಯಾಗುತ್ತದೆ ಎಂದು ನಾನೇ ಹೇಳುತ್ತಿದ್ದೆ. ಬರ ನನ್ನ ಕಣ್ಣಿಗೇ ಮಣ್ಣೆರಚಿತ್ತು. ಮಾರಲಿಕ್ಕಿಟ್ಟ ಗಾಡಿಗೆ ನಿನ್ನೆ ಮೊನ್ನೆ ಯಾರು ಹೊಸ ಕೂಲಂಟು ಹಾಕಿಸುತ್ತಾರೆ, ಯಾಕೆ ಹಾಕಿಸುತ್ತಾರೆ ಎಂದೂ ಕೇಳಿಕೊಳ್ಳಲಿಲ್ಲ.

ತಂಗಿ ನಡೆಸುತ್ತಲೇ ಹೇಳಿದಳು. ಅಡುಗೆಮನೆಯಲ್ಲಿ ಯಜಮಾನರ ಹೆಂಡತಿ ಮೊದಲು ಅವಳನ್ನು ಕೇಳಿದ್ದಿಷ್ಟೇ, "ಗಾಡಿ ಯಾರ ನಡೆಸ್ತಾರ, ನಿಮ್ಮಣ್ಣ?" ನಾನೇ ಎಂದಳಂತೆ. ಒಬ್ಬಾಕಿನೇ? ಒಬ್ಬಾಕಿನೇ. ಆಗ ಆಕೆ ಒಗ್ಗರಣೆ ಬಿಟ್ಟು ಹತ್ತಿರ ಬಂದು, "ಗಾಡಿ ಹಾದ್ಯಾಗ ಕುದ್ದು ನಿಂತ್ರ ನಿನಗ ನೀರು ಯಾರ ಕೊಡ್ತಾರವ್ವಾ? ಕುಡೀಲಿಕ್ಕೇ ಇಲ್ಲ. ಔರಾದ ಶಹಾಜನಿಗಿ ಮದುವಿಗಿ ಹೋಗೂದ್ರಾಗ ಎರಡೂ ಕ್ಯಾನ್ ಇದರ ಹೊಟ್ಟಿಗಿ ಹಾಕಿ, ನಾವು ಒಣ ಗಂಟಲಲೇ ಅಕ್ಕಿಕಾಳ ಹಾಕ್ಬಂದ್ವಿ" ಎಂದರಂತೆ.

ನಾಲ್ಕೈದು ಮೈಲು ಹೋಗುವಷ್ಟರಲ್ಲಿ ಏರು ಬಂತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆ ಇದ್ದದ್ದು ಮೆಲ್ಲಗೆ ಮೇಲೆದ್ದು ಕೆಂಪಿಗೆ ಹೋಯಿತು. ಅವಳು ಬೇವಿನ ನೆರಳಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಇದು ರಿಪೇರಿ ಆಗ್ತದೇನು? ಅಣ್ಣ ಅಂತ ಹೇಳಬ್ಯಾಡ, ಮಿಸ್ತ್ರಿ ಅಂತ ಹೇಳು."

ಅಣ್ಣನಾಗಿ ಹೇಳುವುದಾದರೆ, ನಾನಿದ್ದೇನೆ, ಮಾಡಿಕೊಡುತ್ತೇನೆ ಎನ್ನುತ್ತಿದ್ದೆ. ನಾಲಿಗೆಯ ತುದಿಗೇ ಬಂದಿತ್ತು. "ಇಂಜಿನ್ ಹೆಡ್ ಬಿಚ್ಚದ ಹೇಳಲಿಕ್ಕೆ ಬರಲ್ಲ. ಮಾಡ್ದೆ ಅಂದ್ರೂ ನಾಳೆ ಮತ್ತ ನಿಲ್ಲಬಹುದು" ಎಂದೆ.

"ಆತು ಬಿಡು. ಲಸಿಕಿ ಡಬ್ಬಿ ಇಟ್ಕೊಂಡು ನಾ ರೋಡಿನ್ಯಾಗ ನಿಲ್ಲಲ್ಲ."

ಇಂಜಿನ್ ಆರುವವರೆಗೆ ಬೇವಿನ ಕೆಳಗೆ ಕೂತೆವು. ಮರಳಿ ಬಂದು ಕೀಲಿ ಕೊಟ್ಟಾಗ ಯಜಮಾನರು ಮುಖ ಬೇರೆ ಕಡೆ ಮಾಡಿದರು. "ಕೇಳಿದ್ರ ನಾನೇ ಹೇಳ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಿಡಲಿಲ್ಲ. "ಕೇಳದ ಹೇಳಿದ್ರ ಬಾಯಿ ಸವೀತದೇನ್ರೀ?"

ಯಜಮಾನರು ಒಳ್ಳೆಯ ಜೀವವೇ. ನಾಚಿಕೊಂಡರು, ಊಟ ಮಾಡದೆ ಬಿಡಲಿಲ್ಲ. ಬಡಿಸುವಾಗ ಆ ತಾಯಿ ತಂಗಿಯ ತಟ್ಟೆಗೆ ತುಪ್ಪ ಹೆಚ್ಚೇ ಹಾಕಿದರು.

ತಿಂಗಳೊಳಗೆ ನಿಲಂಗಾದಲ್ಲೇ, ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ಇನ್ನೊಂದು ಕಾರು ಸಿಕ್ಕಿತು. ಬಣ್ಣ ಹೋದದ್ದು, ಎಡಬಾಗಿಲಿಗೆ ತಗ್ಗು. ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಲೂ ನಾಚಿಕೆಯಾಗುವಂಥದು. ಈ ಸಲ ನಾನು ಕೆಳಗೆ ಮಲಗಿ ನೋಡಿದೆ, ತಂಗಿ ಮಟಮಟ ಮಧ್ಯಾಹ್ನ ಒಂದು ತಾಸು ಏಸಿ ಹಾಕಿ ತಾನೇ ಓಡಿಸಿದಳು, ಆಮೇಲೆ ಮಾಸ್ತರರ ಹೆಂಡತಿಯ ಜೊತೆ ಕೂತು ಚಹಾ ಕುಡಿದಳು. ನಮ್ಮಿಬ್ಬರಿಗೂ ಒಪ್ಪಿಗೆಯಾಯಿತು.

ಕಾರು ಬಂದ ಮೇಲೆ ಮೊದಲ ಲಸಿಕೆಯ ದಿನ ನಾನೂ ಜೊತೆಗೆ ಹೋದೆ. ಮಂಜುಗಡ್ಡೆ ತುಂಬಿದ ಲಸಿಕೆಯ ಡಬ್ಬಿ ಹಿಂದಿನ ಸೀಟಿನಲ್ಲಿ, ನಾನು ಅವಳ ಪಕ್ಕದಲ್ಲಿ. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

"ಅಲ್ಲಿ ಬ್ರೇಕ್ ಇಲ್ಲೋ ಅಣ್ಣಾ. ಕಾಲು ತಗಿ."

ತೆಗೆದೆ. ಮೂರನೆಯ ಊರು ಮುಟ್ಟಿದಾಗ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಶಾಲೆಯ ನೆರಳಿಗೆ ಸಾಲಾಗಿ ಕೂತಿದ್ದರು. ಅವಳು ಇಳಿದು ಡಬ್ಬಿ ತೆರೆದು ಕೈ ಹಾಕಿ ನೋಡಿದಳು. ಮಂಜುಗಡ್ಡೆ ಇನ್ನೂ ಗಟ್ಟಿಯಾಗಿಯೇ ಇತ್ತು.